ನಡುಗುವ ಕೈಯ ಬಳೆ

ನಾನು ಒಂದು ಹಸಿರು ಗಾಜಿನ ಬಳೆ. ಬೆಳಗಿನ ಹೊತ್ತು ಉರಿಯ ಮುಂದೆ ಕುಳಿತು ನನ್ನ ತುದಿಗಳನ್ನು ಬೆಸೆಯುತ್ತಿದ್ದ ಹೆಂಗಸು, ತೊಟ್ಟಿಲಲ್ಲಿ ಮಗು ಅತ್ತಿತೆಂದು ನನ್ನನ್ನು ಅರ್ಧಕ್ಕೇ ಬಿಟ್ಟು ಎದ್ದಳು. ಹಾಲೂಡಿಸಿ ಬಂದು, ಮತ್ತೆ ಕಾಯಿಸಿ ಬೆಸೆದಳು. ನಾನು ಹುಟ್ಟಿದ್ದು ಹಾಗೆ. ಆಮೇಲೆ ಹುಲ್ಲು ತುಂಬಿದ ಪೆಟ್ಟಿಗೆ, ಲಾರಿ, ಗದಗಿನ ಬಳೆ ಅಂಗಡಿ.

ಅಲ್ಲಿಂದ ಒಂದು ಡಜನ್ ಬಳೆಗಳ ಜೊತೆ ಸುಮಂಗಲಾಳ ಕೈ ಸೇರಿದೆ. ತೊಡೆಯ ಮೇಲಿದ್ದಾಗ ಆ ಕೈ ಸುಮ್ಮನಿರುತ್ತಿತ್ತು. ಲೋಟ ಎತ್ತಿದರೆ, ಸೂಜಿಗೆ ದಾರ ಪೋಣಿಸಹೋದರೆ, ಸಾರು ಬಡಿಸಿದರೆ ನಡುಗುತ್ತಿತ್ತು. ಆಗ ನಾವು ಒಂದಕ್ಕೊಂದು ತಾಗಿ ಗಲಗಲ ಎನ್ನುತ್ತಿದ್ದೆವು. ಸುಮ್ಮನಿರಲು ನಮ್ಮಿಂದ ಆಗುತ್ತಿರಲಿಲ್ಲ. ಅವಳಿಂದಲೂ ಅಷ್ಟೆ.

ಮನೆಯಲ್ಲಿ ಅದನ್ನು ಸಿಟ್ಟೆಂದು ತಿಳಿದರು.

"ಇನ್ನೊಂದ್ ಸೌಟು ಸಾರು ಕೇಳಿದ್ದಕ್ಕ ಬಳಿ ಕುಣಸ್ತೀಯೇನ?" ಎಂದು ಅತ್ತೆ ಬಸಲಿಂಗವ್ವ ತಟ್ಟೆ ಸರಿಸಿದರು.

"ಇಲ್ರಿ ಅತ್ತಿ, ಕೈಯಾಗ ಹಿಡಿತ ಇಲ್ಲ."

"ಬಾಯಾಗರ ಐತಲ್ಲ, ಪುಣ್ಯಾ!"

ಅಂದೇ ಸುಮಂಗಲಾ ನಮ್ಮನ್ನು ಕಳಚಿ, ಕೈಗೆ ಒಂದೊಂದೇ ಉಳಿಸಿಕೊಂಡಳು. ಒಂಟಿ ಬಳೆಗೆ ಸದ್ದಿಲ್ಲ. ಬಲಗೈಯಲ್ಲಿ ಉಳಿದದ್ದು ನಾನು. ಓಣಿಯವರು ಮುತ್ತೈದೆಯ ಕೈ ನೋಡಿ ಕೇಳಿದರೆ, "ಬಳಿ ಹೆಚ್ಚಿದ್ವು" ಅನ್ನುತ್ತಿದ್ದಳು. ಒಡೆದವು ಎನ್ನಬಾರದಲ್ಲ.

ಸದ್ದು ನಿಂತರೂ ಸಾರು ಚೆಲ್ಲುವುದು ನಿಲ್ಲಲಿಲ್ಲ. ಆಗ ಅತ್ತೆ ಮೊದಲ ಸಲ ಆ ಕೈಯನ್ನೇ ನೋಡಿದರು. ಮರುದಿನ ತಾವೇ ಆಸ್ಪತ್ರೆಗೆ ಕರೆದೊಯ್ದರು. ಸುಮಂಗಲಾಳ ಪುಟ್ಟ ಮಗಳು ಮುಕ್ತಾಳೂ ಜೊತೆಗಿದ್ದಳು.

ಡಾಕ್ಟರು ಸುಮಂಗಲಾಳಿಂದ ಹಾಳೆಯ ಮೇಲೆ ಸುರುಳಿ ಬರೆಸಿದರು. ಗೆರೆ ಉದ್ದಕ್ಕೂ ಅಲುಗಿತ್ತು. "ಇದು ಸಿಟ್ಟೂ ಅಲ್ಲ, ಅಂಜಿಕಿನೂ ಅಲ್ಲ. ಕೆಲಸ ಮಾಡುವಾಗ ಬರೋ ನಡುಕ. ಗುಳಿಗಿಯಿಂದ ಕಡಿಮಿ ಆಗಬಹುದು, ಪೂರ್ತಿ ಹೋಗೋದಿಲ್ಲ. ಮನ್ಯಾಗ ಮತ್ತ್ಯಾರಿಗರ ಐತೇನು?"

"ನಮ್ಮವ್ವಗಿತ್ರಿ, ಈಕಿ ಆಯಿಗೆ."

ಮುಕ್ತಾ ತಲೆಯೆತ್ತಿ ತಾಯಿಯನ್ನು ನೋಡಿದಳು. ಅಂದಿನಿಂದ ಸುಮಂಗಲಾ ಒಂದೇ ಪ್ರಶ್ನೆಗೆ ಅಂಜಿ ಬದುಕಿದಳು. ಮಗಳು "ಅವ್ವಾ, ಒಂದ್ ಮಾತು" ಎಂದರೆ ಸಾಕು, ಒಲೆಯ ಮೇಲೆ ಏನೋ ನೆನಪಾಗುತ್ತಿತ್ತು.

ಈಗ ಅತ್ತೆ ಸುಮಂಗಲಾಳಿಗೆ ಚೆಲ್ಲದಂತೆ ಅರ್ಧ ಲೋಟವೇ ಚಹಾ ಹಾಕುತ್ತಾರೆ. ಸಾರಿನ ಪಾತ್ರೆ ತಮ್ಮ ಕಡೆ ಎಳೆದುಕೊಂಡು, "ನನ್ನ ಕೈ ಏನ್ ಸವೀತಾವೇನ?" ಅನ್ನುತ್ತಾರೆ. ಸುಮಂಗಲಾ ಮೊಣಕೈ ಊರಿ ಕಾಯಿಪಲ್ಯೆ ಹೆಚ್ಚುತ್ತಾಳೆ. ನಿದ್ದೆಗೆಟ್ಟ ದಿನ ನಡುಕ ಜಾಸ್ತಿ. ಆ ದಿನವೂ ಅಡುಗೆ ಆಗಲೇಬೇಕು.

ನನಗೆ ಸೀಳು ಬಿದ್ದಿದೆ. ಚುಚ್ಚೀತೆಂದು ತೆಗೆದು ಕನ್ನಡಿಯ ಗೂಡಿನಲ್ಲಿ ಇಟ್ಟಿದ್ದಾಳೆ. ಇಲ್ಲಿ ಕುಳಿತು ಯೋಚಿಸುತ್ತೇನೆ: ನಡುಕಕ್ಕಿಂತ ಅದನ್ನು ಬಚ್ಚಿಡುವುದೇ ಅವಳನ್ನು ಹೆಚ್ಚು ದಣಿಸಿತು.

ಇಂದು ಶಾಲೆಯ ಹೊತ್ತಿಗೆ ಅವಳು ಮಗಳ ಜಡೆಗೆ ರಿಬ್ಬನ್ ಕಟ್ಟುತ್ತಿದ್ದಳು. ಗಂಟು ಮತ್ತೆ ಮತ್ತೆ ಜಾರಿತು. ಒಂದು ಜಡೆ ಮುಗಿದು ಇನ್ನೊಂದು ಬಾಕಿ ಇತ್ತು. ಎದ್ದು ಹೋಗುವಂತಿರಲಿಲ್ಲ. ಮುಕ್ತಾ ಹಿಂದೆ ತಿರುಗಲಿಲ್ಲ. ತನ್ನ ಎರಡೂ ಅಂಗೈಗಳನ್ನು ನೋಡಿಕೊಳ್ಳುತ್ತಲೇ ಕೇಳಿದಳು:

"ಅವ್ವಾ, ಆಯಿಗಿತ್ತು, ನಿನಗೈತಿ. ನನಗೂ ಬರ್ತೈತೇನು?"