ಮೊದಲು ಬಿದ್ದ ಡಿಸ್ಕ್

ಬೀದಿಯವರೆಲ್ಲ ಅವನನ್ನು ಡಾಕ್ಟ್ರು ಎಂದೇ ಕರೆಯುತ್ತಿದ್ದರು. ಕೆಟ್ಟ ಕಂಪ್ಯೂಟರುಗಳಿಂದ ಫೈಲು ಎತ್ತಿಕೊಡುವುದು ಅವನ ಕಸುಬು. ಆ ಹೆಸರು ತಲೆಗೇರಿ ವರ್ಷಗಳೇ ಆಗಿದ್ದವು. ಬೆಳಿಗ್ಗೆ ಅಂಗಡಿ ತೆರೆಯುವಷ್ಟರಲ್ಲಿ ಅಕ್ಕ, ಭಾವ ಬಾಗಿಲಲ್ಲಿ ನಿಂತಿದ್ದರು. ಅಕ್ಕ ಎದೆಗವಚಿಕೊಂಡಿದ್ದ ಪೆಟ್ಟಿಗೆ ಅವನೇ ಜೋಡಿಸಿಕೊಟ್ಟದ್ದು: ನಾಲ್ಕು ಡಿಸ್ಕ್‌ಗಳನ್ನು ಸಾಫ್ಟ್‌ವೇರ್ ಒಂದಾಗಿಸಿದ ರೇಯ್ಡ್. ಒಂದು ಡಿಸ್ಕ್ ಕೈಕೊಟ್ಟರೂ ಉಳಿದ ಮೂರು ಸೇರಿ ಎಲ್ಲವನ್ನೂ ಕಾಪಾಡುತ್ತವೆ. ಈಗ ಎರಡು ಕೈಕೊಟ್ಟು ಬಿದ್ದಿದ್ದವು, ಏನೂ ತೆರೆಯುತ್ತಿರಲಿಲ್ಲ.

ಅಕ್ಕನ ಮಗಳು ತೀರಿಕೊಂಡು ಮೂರು ತಿಂಗಳಾಗಿತ್ತು. ಕಾಯಿಲೆಯ ಆ ಕೊನೆಯ ವರ್ಷದ ವಿಡಿಯೊಗಳೆಲ್ಲ ಇದ್ದದ್ದು ಆ ಪೆಟ್ಟಿಗೆಯಲ್ಲಿ ಮಾತ್ರ.

"ಅವಳ ಮಾತು ಕೇಳ್ಬೇಕು ಕಣೋ, ಅಷ್ಟೇ."

"ಅಳ್ಬೇಡ ಅಕ್ಕ. ಇದು ನಂಗೆ ನೀರು ಕುಡಿದಷ್ಟು ಸುಲಭ."

ಸುಲಭವೇ ಆಗಿತ್ತು, ಹಾಳಾದವನು ಕಣ್ಣುಬಿಟ್ಟು ಮಾಡಿದ್ದರೆ! ಒಂದು ಡಿಸ್ಕ್ ಒಂದೂವರೆ ವರ್ಷದ ಹಿಂದೆಯೇ ಯಾರಿಗೂ ಗೊತ್ತಾಗದೆ ಕಳಚಿಕೊಂಡಿತ್ತು, ಆಮೇಲಿನದೇನೂ ಅದರಲ್ಲಿರಲಿಲ್ಲ. ಇನ್ನೊಂದು ಬಿದ್ದದ್ದು ಹೋದ ವಾರ. ಅದರಲ್ಲಿ ಎಲ್ಲವೂ ಹಾಗೇ ಇತ್ತು, ಮಗುವಿನ ವಿಡಿಯೊಗಳಿಗೆ ಬೇಕಿದ್ದದ್ದು ಅದೇ. ಮೊದಲು ಬಿದ್ದದ್ದು ಯಾವುದೆಂದು ಹೇಳುವ ತಾರೀಖು ಡಿಸ್ಕಿನಲ್ಲೇ ಇರುತ್ತದೆ, ನೋಡಲು ಎರಡು ನಿಮಿಷ ಸಾಕು. ಮುಟ್ಟುವ ಮೊದಲು ನಾಲ್ಕನ್ನೂ ನಕಲು ಮಾಡಿಕೊಳ್ಳಿ ಎಂದು ಊರಿಗೆಲ್ಲ ಬುದ್ಧಿ ಹೇಳುವವನು, ತಾರೀಖೂ ನೋಡಲಿಲ್ಲ, ನಕಲೂ ಮಾಡಲಿಲ್ಲ. ಹಳೆಯದನ್ನೇ ಒಳ್ಳೆಯದೆಂದು ನಂಬಿ, ಅದನ್ನು ಅನುಸರಿಸಿ ಹೋದ ವಾರ ಬಿದ್ದದ್ದರ ಮೇಲೆ ಹೊಸದಾಗಿ ಬರೆಯಲು ಹಚ್ಚಿ, ಟೀ ತರಿಸಿದ. ಗಂಡಹೆಂಡತಿ ಬೆಂಚು ಬಿಟ್ಟು ಕದಲಲಿಲ್ಲ.

ಮಧ್ಯಾಹ್ನ ಬರೆದು ಮುಗಿಯಿತು. ಹಳೆಯ ಫೋಟೊಗಳು ತೆರೆದುಕೊಂಡವು. ಕೊನೆಯ ವರ್ಷದ ಒಂದು ವಿಡಿಯೊವೂ ತೆರೆಯಲಿಲ್ಲ. ಆಗ ತಾರೀಖು ನೋಡಿದ. ಇದ್ದದ್ದನ್ನು ಅವನೇ ಅಳಿಸಿದ್ದ.

"ಏನಾಯ್ತೋ?" ಅಕ್ಕ ಎದ್ದು ಬಂದಳು. "ಅವತ್ತು ಕೆಂಪು ದೀಪ ಬಂತು ಅಂತ ಹೆದರಿ ಪ್ಲಗ್ ಕಿತ್ತುಬಿಟ್ಟೆ. ಅದಕ್ಕೇನಾದ್ರೂ ಹೀಗಾಯ್ತಾ?"

ಅಲ್ಲ ಎನ್ನುವುದು ಒಂದೇ ಮಾತು. ಬಾಗಿಲಲ್ಲಿ ಬೇರೆ ಗಿರಾಕಿಗಳು ನಿಂತು ಕೇಳಿಸಿಕೊಳ್ಳುತ್ತಿದ್ದರು.

"ಹೂಂ ಅಕ್ಕ. ಅದಕ್ಕೇ," ಎಂದ.

ಭಾವ ಹೆಂಡತಿಯ ಮುಖ ನೋಡಿದ. "ಅವಳದು ಅಂತ ಉಳಿದಿದ್ದು ಅದೊಂದೇ. ಅದನ್ನೂ ಕಳೆದ್ಯಲ್ಲ," ಎಂದವನು ಅವಳಿಗೆ ಕಾಯದೆ ಬೀದಿಗಿಳಿದು ನಡೆದೇಬಿಟ್ಟ.

ಅಕ್ಕ ಮೇಜು ಹಿಡಿದು ನಿಂತಳು. ಆಮೇಲೆ ತಮ್ಮನ ಕೈಯನ್ನು ತನ್ನೆರಡು ಕೈಗಳಲ್ಲಿ ಹಿಡಿದುಕೊಂಡಳು.

"ನೀನಾದ್ರೂ ಒಂದು ಮಾತು ಬೈಲಿಲ್ವಲ್ಲೋ."

"ಹೋಗ್ಲಿ ಬಿಡು ಅಕ್ಕ," ಎಂದ ಡಾಕ್ಟ್ರು. "ಬೇಕೂಂತ ಮಾಡಿದ್ಯಾ ನೀನು?"