ಪಟ್ಟಿಯ ಹದಿನೇಳನೆಯ ಸಾಲು

೨೦೨೪ರ ಏಪ್ರಿಲ್ ೧೪, ಭಾನುವಾರ, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ. ರಾಯಚೂರಿನ ಮನೆಯ ಹಳೆಯ ಕಂಪ್ಯೂಟರಿನ ಮುಂದೆ ಐಶ್ವರ್ಯ ಪಟ್ಟಿ ಹಾಕಿಕೊಂಡು ಕುಳಿತಿದ್ದಳು. ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವವಳು. ಯಾವ ಕೆಲಸವನ್ನೂ ಅಂದಾಜಿನ ಮೇಲೆ ಮಾಡಿದವಳಲ್ಲ. ಕಂಪ್ಯೂಟರ್ ತೆರೆದುಕೊಳ್ಳಲು ಹನ್ನೊಂದು ನಿಮಿಷ ಹಿಡಿಯುತ್ತಿತ್ತು. ಅದರಲ್ಲಿದ್ದ ಪ್ರೋಗ್ರಾಂಗಳನ್ನೆಲ್ಲ ಹಾಳೆಯ ಮೇಲೆ ಬರೆದು, ಪ್ರತಿಯೊಂದರ ಎದುರು ಕೊನೆಯ ಸಲ ತೆರೆದ ದಿನ ನಮೂದಿಸಿದ್ದಳು. ಒಂದು ವರ್ಷದಿಂದ ಯಾರೂ ತೆರೆಯದ್ದು ಹೋಗಬೇಕು. ಇದು ಅವಳೇ ಮಾಡಿಕೊಂಡ ನಿಯಮ.

ಹದಿನೇಳನೆಯ ಸಾಲಿನಲ್ಲಿ ‘ಟಿಎಲ್-೨’ ಎಂದಿತ್ತು. ಕೊನೆಯ ಸಲ ತೆರೆದದ್ದು ೨೦೨೨ರ ಮೇ ತಿಂಗಳಲ್ಲಿ. ಮಾವ ಗಡಿಗೆಪ್ಪನವರದಿರಬಹುದೇ? ಅವರು ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ ಮಾಪಕಗಳನ್ನು ನೋಡಿಕೊಳ್ಳುತ್ತಿದ್ದು ನಿವೃತ್ತರಾದವರು. ಅಂಗಳದಲ್ಲೇ ಇದ್ದರು, ದೇವದುರ್ಗದಿಂದ ಸಸಿ ತಂದು ತಾವೇ ನೆಟ್ಟ ಬೇವಿನ ಮರದ ಕೆಳಗೆ, ಹನ್ನೆರಡು ಹೆಜ್ಜೆ ದೂರ. ಆದರೆ ಆ ಮನೆಯಲ್ಲಿ ಸೊಸೆ ಮಾವನ ಎದುರು ನಿಂತು ಮಾತಾಡುವ ರೂಢಿಯಿರಲಿಲ್ಲ. ಮದುವೆಯಾಗಿ ಆರು ವರ್ಷ, ಅವರಿಬ್ಬರ ಮಾತೆಲ್ಲ ಅತ್ತೆ ಬಸವಂತಮ್ಮನ ಮೂಲಕವೇ ಹೋಗಿ ಬರುತ್ತಿತ್ತು.

“ಅತ್ತಿ, ಕಂಪ್ಯೂಟರ್‌ನಾಗ ಮಾವಾರ್ದು ಏನಾರ ಅದನ್ರಿ? ಒಂದೀಟು ಕೇಳ್ರಿ.”

ಬಸವಂತಮ್ಮ ಮೆಣಸಿನಕಾಯಿಯ ತೊಟ್ಟು ಮುರಿಯುತ್ತ ನಕ್ಕಳು. “ಅವರದೇನದ? ಮುಂಜಾನೆದ್ದು ಗುಂಡಿ ಒತ್ತತಾರ, ಹೊಳ್ಳಿ ಸುದ್ದಾ ನೋಡಂಗಿಲ್ಲ. ದೇವರ ಮುಂದ ದೀಪ ಹಚ್ಚಿದಂಗ! ತಗದ್ ಒಗಿ.”

ತೆಗೆಯುವಾಗ ಕಂಪ್ಯೂಟರ್ ಕೇಳಿತು: ಸಂಗ್ರಹಿಸಿದ ಮಾಹಿತಿಯನ್ನೂ ಅಳಿಸಬೇಕೆ? ಅರೆಬರೆ ಕೆಲಸ ಅವಳಿಗೆ ಒಗ್ಗದು. ಹೌದು ಎಂದಳು. ಆಮೇಲೆ ಡಿಸ್ಕಿನಲ್ಲಿ ಚದುರಿದ್ದನ್ನೆಲ್ಲ ಒತ್ತಟ್ಟಿಗೆ ಜೋಡಿಸಲು ಹಚ್ಚಿ, ಖಾಲಿಯಾದ ಜಾಗಕ್ಕೆ ಕಾಲೇಜಿನ ಕಡತಗಳನ್ನು ತುಂಬಿದಳು. ಸಂಜೆಗೆ ಕಂಪ್ಯೂಟರ್ ಎರಡೇ ನಿಮಿಷದಲ್ಲಿ ತೆರೆದುಕೊಂಡಿತು. ಅದನ್ನೂ ಹಾಳೆಯಲ್ಲಿ ಬರೆದಳು.

ಮುಂದಿನ ಭಾನುವಾರ ಗಡಿಗೆಪ್ಪನವರು ಕನ್ನಡಕ ಒರೆಸಿಕೊಂಡು ಕಂಪ್ಯೂಟರಿನ ಮುಂದೆ ಕುಳಿತರು. ಕಾರಿನ ಶೆಡ್ಡಿಗಾಗಿ ಬೇವಿನ ಮರ ಕಡಿಸಬೇಕೆಂದು ಮಗ ಮೌನೇಶ ಎರಡು ತಿಂಗಳಿಂದ ಹಟ ಹಿಡಿದಿದ್ದ. ಲೆಕ್ಕ ತೋರಿಸುತ್ತೇನೆ, ಆಮೇಲೆ ಮಾತಾಡು ಎಂದು ಅವರು ಗೊತ್ತು ಮಾಡಿದ್ದ ದಿನ ಅದು. ಮನೆಯ ಪಡುವಣಕ್ಕೆ ಎರಡು ಕೋಣೆ. ಬಸವಂತಮ್ಮ ಮಧ್ಯಾಹ್ನ ಮಲಗುವ ಕೋಣೆಗೆ ಮರದ ನೆರಳಿತ್ತು, ಪಕ್ಕದ್ದಕ್ಕೆ ಇರಲಿಲ್ಲ. ಎರಡರ ಗೋಡೆಗೂ ಒಂದೊಂದು ಪುಟ್ಟ ಡಬ್ಬಿ. ಐಶ್ವರ್ಯ ಅವನ್ನು ಹಳೆಯ ಟೆಲಿಫೋನಿನವು ಎಂದುಕೊಂಡಿದ್ದಳು. ಹನ್ನೊಂದು ವರ್ಷದಿಂದ ಅವು ಗಂಟೆಗೊಮ್ಮೆ ಕೋಣೆಯ ಉಷ್ಣತೆ ಅಳೆದು ಕಳಿಸುತ್ತಿದ್ದವು. ಟಿಎಲ್-೨ ಪರದೆಯ ಮೇಲೆ ಬಾರದೆ ಒಳಗೊಳಗೇ ಬರೆದಿಟ್ಟುಕೊಳ್ಳುತ್ತಿತ್ತು. ಬೆಳಿಗ್ಗೆ ಅವರು ಕಂಪ್ಯೂಟರಿನ ಗುಂಡಿ ಒತ್ತುತ್ತಿದ್ದುದು ಅದಕ್ಕಾಗಿ.

ಅರ್ಧ ಗಂಟೆ ಹುಡುಕಿದರು.

“ಯಪ್ಪಾ, ಲೆಕ್ಕ ಸಿಗವಲ್ದೇನು?” ಮೌನೇಶ ನಕ್ಕ. “ಕಂಪ್ಯೂಟರಿಗೂ ಶೆಡ್ ಬೇಕಾಗ್ಯಾದ ನೋಡು.”

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಐಶ್ವರ್ಯಳಿಗೆ ಹದಿನೇಳನೆಯ ಸಾಲು ಕಣ್ಣಿಗೆ ಕಟ್ಟಿತು. “ನಾನ ತಗದೀನ್ರಿ,” ಎಂದಳು ಗಂಡನಿಗೆ.

ಗಡಿಗೆಪ್ಪನವರು ಹೆಂಡತಿಯ ಕಡೆ ತಿರುಗಿದರು. “ಅಕಿಗೇನೂ ಅನಬ್ಯಾಡ್ರಿ ಮತ್ತ. ಅಕಿಗಿ ಗೊತ್ತಿದ್ದಿಲ್ಲ.” ಆಮೇಲೆ ಮಗನಿಗೆ, “ನಿಮ್ಮವ್ವನ ಕೋಣಿ ಒಂದು ದಿನಾನೂ ಮೂವತ್ತಾರು ಡಿಗ್ರಿ ದಾಟಿಲ್ಲೋ.”

“ಬಾಯಿಲೆ ಹೇಳಿದ್ದು ಲೆಕ್ಕ ಅಲ್ಲ ಅಂತ ನೀನ ಕಲಿಸೀಯಲ್ಲ, ಯಪ್ಪಾ.”

ಅದು ನಿಜವೇ ಆಗಿತ್ತು. ಬರೆದಿಡದ ಅಳತೆಯನ್ನು ಮೂವತ್ತು ವರ್ಷದ ನೌಕರಿಯಲ್ಲಿ ಅವರು ಒಪ್ಪಿದವರಲ್ಲ. ಎದ್ದು ಅಂಗಳಕ್ಕೆ ಹೋದರು.

ಮರುದಿನ ಐಶ್ವರ್ಯ ಕಾಲೇಜಿಗೆ ರಜೆ ಹಾಕಿ, ಕಂಪ್ಯೂಟರಿನಿಂದ ಬಿಚ್ಚಿದ ಡಿಸ್ಕನ್ನು ಟವೆಲಿನಲ್ಲಿ ಸುತ್ತಿಕೊಂಡು ತವರೂರು ಮಾನ್ವಿಯ ಬಸ್ಸು ಹತ್ತಿದಳು. ಅಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದ ಅಮೀನ್ ಅವಳ ಹೈಸ್ಕೂಲಿನ ಜೊತೆಗಾರ. ಎರಡು ತಾಸು ತಡಕಾಡಿ ತಲೆಯಾಡಿಸಿದ.

“ಬರೇ ಅಳಿಸಿದ್ರ ಹುಡುಕಿ ಕೊಡತಿದ್ದೆ ಐಶ್ವರ್ಯಾ. ನೀನು ಎಲ್ಲಾ ನೀಟಾಗಿ ಜೋಡಿಸಿ, ಅದರ ಮ್ಯಾಲ ಬ್ಯಾರೆ ತಂದು ಬರದೀಯಲ್ಲ. ಸಾಲಿಯಾಗೂ ಹಿಂಗ ಇದ್ದಿ. ತಪ್ಪಾದ್ರ ಕಾಟು ಹೊಡೀತಿದ್ದಿಲ್ಲ, ಇಡೀ ಹಾಳೀನ ಹರೀತಿದ್ದಿ.”

ಅವಳು ಗಂಡನ ಬಳಿ ಒಂದು ಬೇಸಿಗೆಯ ಗಡುವು ಕೇಳಿದಳು, ಹೊಸದಾಗಿ ಅಳೆಯುತ್ತೇನೆಂದಳು. ಮೌನೇಶ ಆಗಲೇ ಮರ ಕಡಿಯುವ ಸಾಬಣ್ಣನಿಗೆ ಮಾತು ಕೊಟ್ಟಾಗಿತ್ತು. ಮೇ ಮೂರರಂದು ಸಾಬಣ್ಣ ಗರಗಸ ತಂದ. ಮಧ್ಯಾಹ್ನದ ಊಟದ ಹೊತ್ತಿಗೆ ಅಂಗಳದ ತುಂಬ ಬೆಳಕು.

ಮೇ ಆರು, ಸೋಮವಾರ, ಮಧ್ಯಾಹ್ನ ಮೂರು ಗಂಟೆ. ಬಸವಂತಮ್ಮ ಚಾಪೆ ಸುತ್ತಿಕೊಂಡು ನಡುಮನೆಗೆ ಬಂದು ಮಲಗಿದ್ದಳು. ಅವಳ ಕೋಣೆಯಲ್ಲಿ ಐಶ್ವರ್ಯ ಗಾಜಿನ ಥರ್ಮಾಮೀಟರನ್ನು ಮೊಳೆಗೆ ತೂಗುಹಾಕಿ ಹತ್ತು ನಿಮಿಷ ಕಾದಳು. ಬಾಗಿಲಲ್ಲಿ ನೆರಳು ಬಿತ್ತು. ಗಡಿಗೆಪ್ಪನವರು, ಕೈಯಲ್ಲಿ ನೋಟುಬುಕ್ಕು. ನಡುವೆ ಮಾತು ದಾಟಿಸುವವರು ಯಾರೂ ಇರಲಿಲ್ಲ.

“ಎಷ್ಟದ ಯವ್ವಾ?”

ಅವಳು ಪಾದರಸದ ಮಟ್ಟಕ್ಕೆ ಕಣ್ಣು ತಂದು ಓದಿದಳು.

“ಮೂವತ್ತೊಂಬತ್ತು ಪಾಯಿಂಟ್ ನಾಕು ಡಿಗ್ರಿ ರೀ, ಮಾವಾರ.”

ಅವರು ಬರೆದುಕೊಂಡರು: ೩೯.೪.