ನೀನೇ ಆರಿಸಿದ ಪ್ಯಾಡು

ನಮ್ಮ ಪಿಕಪ್ ಬರುತ್ತಿದೆ ಎನ್ನುವುದು ಹಾರವಾಡದವರಿಗೆ ನೋಡದೆಯೇ ಗೊತ್ತಾಗುತ್ತಿತ್ತು. ಶಾಲೆಯ ತಿರುವಿನಲ್ಲಿ ಬ್ರೇಕ್ ಒತ್ತಿದರೆ ಮುಂದಿನ ಚಕ್ರ ಕರ್ರೆಂದು ಕಿರುಚುತ್ತಿತ್ತು. ದಾರಿಯಲ್ಲಿ ಮಲಗಿದ ನಾಯಿಗಳು ಎದ್ದು ಓಡುತ್ತಿದ್ದವು. ನಮ್ಮ ಪಿಕಪ್ ಅಂದೆ, ಅದು ಬಾಯಿಮಾತು. ಗಾಡಿ ರಾಮನಾಥ ಸಾಹುಕಾರರದ್ದು. ಓಡಿಸುವವನು ನನ್ನ ಅಣ್ಣ ಕುಪ್ಪ. ಹಿಂದೆ ಮೀನಿನ ಬಾಕ್ಸುಗಳ ಮೇಲೆ ಬುಟ್ಟಿ ಹಿಡಿದು ಕೂತು ಕಾರವಾರ ಪೇಟೆಗೆ ಹೋಗುವವರು ನಾವು, ಮೀನು ಮಾರುವ ಹೆಂಗಸರು.

ಹೆಂಗಸರನ್ನು ಪುಕ್ಕಟೆ ಪೇಟೆಗೆ ಮುಟ್ಟಿಸುತ್ತೇನೆ ಎಂದು ಸಾಹುಕಾರರು ಊರೆಲ್ಲ ಹೇಳಿಕೊಂಡು ತಿರುಗುತ್ತಾರೆ. ಆ ಪುಕ್ಕಟೆಯ ಕಥೆ ಕೇಳಿ. ಬೆಳಿಗ್ಗೆ ದೋಣಿ ದಡಕ್ಕೆ ಬಂದ ಕೂಡಲೇ ಅವರು ಕೊಂಡ ಬಂಗಡೆ ಮೀನನ್ನೆಲ್ಲ ತೊಳೆಯುವವರು ನಾವು. ಐಸಿನ ಗಡ್ಡೆ ಒಡೆದು, ಒಂದು ಪದರ ಮೀನು, ಒಂದು ಪದರ ಐಸು ಎಂದು ಬಾಕ್ಸು ತುಂಬುವವರು ನಾವು. ಬೆರಳು ಮರಗಟ್ಟಿ ಸೆರಗಿನ ಗಂಟು ಬಿಚ್ಚಲೂ ಆಗುವುದಿಲ್ಲ. ಇದಕ್ಕೆ ಕೂಲಿ ಇಲ್ಲ. ಕೂಲಿಯ ಬದಲು ಸವಾರಿ. ನಮ್ಮ ಅತ್ತೆಯಂದಿರ ಕಾಲದಿಂದ ಇದೇ ನಡೆದು ಬಂದಿದೆ. ಆಗ ಟೆಂಪೊ ಇತ್ತು, ಈಗ ಪಿಕಪ್ ಇದೆ.

ಗಾಡಿಯನ್ನು ಹಸಿ ಮರಳಿಗೇ ಇಳಿಸಿ, ದೋಣಿಯ ಪಕ್ಕ ನಿಲ್ಲಿಸಬೇಕು. ತೆರೆ ಬಂದು ಚಕ್ರ ತೊಯ್ಯಿಸಿ ಹೋಗುತ್ತದೆ. ಉಪ್ಪುನೀರು, ಮರಳು ಎರಡೂ ಸೇರಿ ಬ್ರೇಕನ್ನು ತಿನ್ನುತ್ತವೆ. ಇದನ್ನು ಅಣ್ಣ ಎಷ್ಟು ಸಲ ಹೇಳಿದರೂ ಸಾಹುಕಾರರದ್ದು ಒಂದೇ ಉತ್ತರ.

"ನೀನು ಬ್ರೇಕ್ ಮೇಲೆ ಕಾಲು ಇಟ್ಕಂಡೇ ಓಡಿಸ್ತೆ. ಅದಕ್ಕೇ ಸವೀತದೆ."

ಕೊನೆಗೆ ಅಂಕೋಲೆಯ ಗ್ಯಾರೇಜಿನವ ಚಕ್ರ ಬಿಚ್ಚಿ ತೋರಿಸಿದ. ಬ್ರೇಕ್ ಪ್ಯಾಡು ಸವೆದು, ಅದರ ಹಿಂದಿನ ಕಬ್ಬಿಣದ ತಗಡು ಚಕ್ರದ ಡಿಸ್ಕನ್ನು ಕೆರೆಯುತ್ತಿತ್ತು. ಅಣ್ಣ ಅದರ ಫೋಟೊ ಕಳಿಸಿದ ಮೇಲೆ ಸಾಹುಕಾರರು ಹೊಸದು ಹಾಕಿಸಲು ಒಪ್ಪಿದರು. ಅವತ್ತು ನಾನೂ ಅಂಕೋಲೆಗೆ ಹೋಗಿದ್ದೆ. ಇಬ್ಬರೂ ಕೇಶವನ ಸ್ಪೇರ್‌ಪಾರ್ಟ್ಸ್ ಅಂಗಡಿಗೆ ಹೋದೆವು.

ಕೇಶವ ಮೂರು ಪೊಟ್ಟಣ ತಂದು ಸಾಲಾಗಿ ಇಟ್ಟ. "ಇದು ಕಂಪನಿದು. ಇದು ಒಂದು ಕೈ ಕಡಿಮೆ, ಆದ್ರೂ ಅಡ್ಡಿಲ್ಲ. ಇದು ಲೋಕಲ್, ಅಗ್ಗದ್ದು."

"ತುಂಬಿದ ಗಾಡಿ ಬಿಣಗಾ ಘಟ್ಟ ಇಳೀಬೇಕು. ಯಾವ್ದು ಹಿಡೀತದೆ?" ಅಣ್ಣ ಕೇಳಿದ.

"ಕಂಪನಿದೇ ಹಾಕು. ಲೋಕಲ್ ಪ್ಯಾಡು ಪೇಟೆ ಒಳಗೆ ತಿರುಗೂ ಗಾಡಿಗೆ ಸಾಕು. ಭಾರ ಹಾಕಿ ಇಳಿಜಾರಲ್ಲಿ ಒತ್ತೇ ಇಟ್ರೆ ಕಾಯ್ತದೆ. ಕಾದ್ರೆ ಹಿಡಿಯೂದಿಲ್ಲ."

ಅಣ್ಣ ಸಾಹುಕಾರರಿಗೆ ಫೋನ್ ಹಚ್ಚಿದ. ಅವರ ಮಾತು ನನಗೂ ಕೇಳುತ್ತಿತ್ತು.

"ನಾನೆಂತ ಡ್ರೈವರಾ? ಗಾಡಿ ಓಡ್ಸುವವ ನೀನು. ನೀನೇ ಆರಿಸು ಮಾರಾಯ. ಹಾಂ, ಕೇಶವಂಗೆ ಒಂಚೂರು ಫೋನ್ ಕೊಡು."

ಕೇಶವ ಫೋನ್ ಹಿಡಿದು ಹ್ಞೂಂ ಹ್ಞೂಂ ಅಂದ. ಫೋನ್ ವಾಪಸು ಕೊಟ್ಟು, ಎರಡು ಪೊಟ್ಟಣ ಎತ್ತಿ ಒಳಗಿಟ್ಟ. ಗಲ್ಲಾಪೆಟ್ಟಿಗೆಯ ಮುಂದೆ ಲೋಕಲ್ ಒಂದೇ ಉಳಿಯಿತು.

"ಆರಿಸು ಅಂದ್ರಲ್ಲ?" ನಾನು ಕೇಳಿದೆ.

"ಇದ್ರಲ್ಲೇ ಆರಿಸ್ಬೇಕಂತೆ ತಂಗಿ," ಅಂದ ಕೇಶವ. ಅವನು ನನ್ನ ಮುಖ ನೋಡಲಿಲ್ಲ.

ನನಗೆ ಮೈಯೆಲ್ಲ ಉರಿಯಿತು. "ಹಾಕಿಸ್ಬೇಡ ಅಣ್ಣ. ಗಾಡಿ ನಿಲ್ಸು," ಅಂದೆ.

"ನಾನು ನಿಲ್ಸಿದ್ರೆ ನಾಳೆ ಇನ್ನೊಬ್ಬ ಡ್ರೈವರ್ ಬತ್ತಾನೆ. ಅವ ಇದೇ ಪ್ಯಾಡಲ್ಲಿ ನಿಮ್ಮನ್ನೆಲ್ಲ ಕರ್ಕಂಡು ಹೋತಾನೆ. ಅದಕ್ಕಿಂತ ನಾನೇ ಇದ್ರೆ ಸಾವಕಾಶ ಇಳಿಸ್ತೆ." ಅಣ್ಣ ಪೊಟ್ಟಣ ಎತ್ತಿಕೊಂಡ. ಅವನ ಸ್ವಭಾವವೇ ಅಂಥದ್ದು, ಎಲ್ಲರ ಭಾರವನ್ನೂ ತನ್ನ ಹೆಗಲ ಮೇಲೆ ಹಾಕಿಕೊಳ್ಳುತ್ತಾನೆ. ಈ ಸಲ ಅದು ಬ್ರೇಕ್ ಒತ್ತುವ ಅವನ ಕಾಲ ಮೇಲೆ ಬಂದಿತ್ತು.

ಹೊಸ ಪ್ಯಾಡು ಕಿರುಚಲಿಲ್ಲ. ನಾಯಿಗಳು ನೆಮ್ಮದಿಯಿಂದ ಮಲಗಿದವು. ನಾವೂ ಮರೆತೆವು.

ಒಂದು ದಿನ ಬಂಗಡೆ ರಾಶಿ ಬಿತ್ತು. ಕಾರವಾರದಲ್ಲಿ ಗೋವಾಕ್ಕೆ ಹೋಗುವ ಲಾರಿ ಕಾಯುತ್ತಿದೆ ಎಂದು ಸಾಹುಕಾರರು ಬಾಕ್ಸಿನ ಮೇಲೆ ಬಾಕ್ಸು ಏರಿಸಿದರು. ಅದರ ಮೇಲೆ ನಾವು ಕೂತೆವು. ಬಿಣಗಾ ಇಳಿಜಾರಿನಲ್ಲಿ ಸುಟ್ಟ ವಾಸನೆ ಬಂತು. ಯಾರೋ ಕಸ ಸುಡುತ್ತಿದ್ದಾರೆ ಅಂದುಕೊಂಡೆ. ಆಮೇಲೆ ಗಾಡಿಯ ಓಟ ಬದಲಾಯಿತು. ಅಣ್ಣ ಕಿಟಕಿಯಿಂದ ಕೈ ಹೊರಹಾಕಿ ಬಾಗಿಲು ಬಡಿದು ಕೂಗಿದ.

"ಗಟ್ಟಿ ಹಿಡ್ಕಣಿ. ಬ್ರೇಕ್ ಇಲ್ಲ."

ಎದುರಿನಿಂದ ಬಸ್ಸು ಬರುತ್ತಿತ್ತು. ಅಣ್ಣ ಗೇರು ಇಳಿಸಿ, ಗಾಡಿಯನ್ನು ಗುಡ್ಡದ ಬದಿಗೆ ಉಜ್ಜುತ್ತಾ ಹೋಗಿ ಮಣ್ಣಿನ ರಾಶಿಗೆ ನುಗ್ಗಿಸಿದ. ಗಾಡಿ ನಿಂತಿತು. ನಮ್ಮ ಸೋದರತ್ತೆ ಹೀರಾ ಬಾಕ್ಸಿನ ಸಮೇತ ಕೆಳಗೆ ಬಿದ್ದಳು. ಅವಳ ಬಲಗೈ ಮಣಿಕಟ್ಟಿನಲ್ಲಿ ಮುರಿದು ಜೋತಾಡುತ್ತಿತ್ತು.

ಸಾಹುಕಾರರು ಕಾರಿನಲ್ಲಿ ಬಂದರು. ಇಳಿದವರೇ ಬಾಕ್ಸುಗಳ ಮುಚ್ಚಳ ತೆಗೆದು ನೋಡಿದರು. ಅತ್ತೆ ರಸ್ತೆಯ ಬದಿಗೆ ಕೂತು ನರಳುತ್ತಿದ್ದಳು, ಅವಳನ್ನು ದಾಟಿಯೇ ಹೋದರು. ಎಲ್ಲ ನೋಡಿ ಮುಗಿದ ಮೇಲೆ, ಸೇರಿದ ಜನರೆದುರು ಅಣ್ಣನನ್ನು ಕೇಳಿದರು.

"ಪ್ಯಾಡು ಆರಿಸಿದ್ದು ಯಾರು? ನೀನೇ ಅಲ್ವಾ?"

ಅಣ್ಣ ತಲೆ ತಗ್ಗಿಸಿದ. ನಾನು ಬಾಯಿ ತೆರೆದೆ. ಅಷ್ಟರಲ್ಲಿ ಸಾಹುಕಾರರೇ ದನಿ ತಗ್ಗಿಸಿ ನನಗೆ ಹೇಳಿದರು. "ಪೊಲೀಸು ಗಿಲೀಸು ಅಂತ ಹೋದ್ರೆ, ಸಾಮಾನಿನ ಗಾಡೀಲಿ ಜನ ಹತ್ಸಿದ್ದಕ್ಕೆ ಹೋಗೂದು ಇವನ ಲೈಸನ್ಸೇ. ನೋಡ್ಕ ಪೂರ್ಣಿಮಾ."

ಹತ್ತಿಸಲು ಹೇಳುವವರು ಅವರೇ. ಆದರೆ ಲೈಸನ್ಸು ಅಣ್ಣನದ್ದು. ತೆರೆದ ಬಾಯಿ ಮುಚ್ಚಿ ಅತ್ತೆಯ ಹತ್ತಿರ ಹೋಗಿ ಕೂತೆ. ಆ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ.

ಗಾಡಿ ರಿಪೇರಿಯಾಗಿ ಬಂತು. ಬಂಪರ್ ಹೊಸದು, ಬಣ್ಣ ಹೊಸದು. "ಪ್ಯಾಡು?" ಎಂದು ಕೇಳಿದೆ. "ಅದೇ," ಅಂದ ಅಣ್ಣ.

ಮರುದಿನ ಬೆಳಿಗ್ಗೆ ದಡದಲ್ಲಿ ಬಂಗಡೆಯ ರಾಶಿ ಬಿದ್ದಿತ್ತು. ಗೋಣಿ ಸುತ್ತಿದ ಐಸಿನ ಗಡ್ಡೆಗಳೂ ಬಂದಿದ್ದವು. ಕೈಗೆ ಪ್ಲಾಸ್ಟರ್ ಹಾಕಿಕೊಂಡೇ ಅತ್ತೆ ಬಂದಳು. ಅವಳಿಗೆ ಐಸು ಒಡೆಯಲಾಗದು, ಬುಟ್ಟಿ ಹೊರಲಾಗದು. ಯಾಕೆ ಬಂದೆ ಎಂದು ಕೇಳಬೇಕೆಂದಿದ್ದೆ. ಅವಳು ನೇರ ಹೋಗಿ ಐಸಿನ ಗಡ್ಡೆಯ ಮೇಲೆ ಕೂತುಬಿಟ್ಟಳು.

"ಯಾರೂ ಬರ್ಫ ಒಡೀಬೇಡಿ," ಅಂದಳು. "ನಮ್ದು ಕೂಲಿ ಅಂದ್ರೆ ಸವಾರಿ. ಜೀವ ಹೋಗೂ ಸವಾರಿಗೆ ನಾವ್ಯಾಕೆ ಮೀನು ತುಂಬೂದು?"

ಸುತ್ತಿಗೆ ಎತ್ತಿದವರು ಕೆಳಗಿಟ್ಟರು. ಒಬ್ಬಳು ತೊಳೆಯುತ್ತಿದ್ದ ಮೀನನ್ನು ಅಲ್ಲೇ ಬಿಟ್ಟು ಬಂದಳು. ನಾವೆಲ್ಲ ಅತ್ತೆಯ ಸುತ್ತ ಕೂತೆವು.

ಸಾಹುಕಾರರು ಮೊದಲು ನಕ್ಕರು. ಆಮೇಲೆ ಬೈದರು. ಆಮೇಲೆ ಬಿಸಿಲು ನೋಡಿದರು.

"ಆಯ್ತು ಮಾರಾಯ್ತಿ, ಮುಂದಿನ ವಾರ ಕಂಪನಿದು ಹಾಕ್ಸುವಾ. ಇವತ್ತು ಏಳಿ. ಈ ಪ್ಯಾಡಿಗೆ ಎಂತ ಆಗಿದೆ? ಚಲೋ ಇದೆ."

"ಚಲೋ ಇದ್ರೆ ಒಂದು ಕೆಲ್ಸ ಮಾಡಿ," ಅಂದೆ ನಾನು. "ಇವತ್ತು ಕಾರು ಬಿಡಿ. ನಮ್ ಸಂಗ್ತಿ ಪಿಕಪ್ಪಲ್ಲಿ ಬನ್ನಿ. ನಿಮಗೆ ಬಾಕ್ಸಿನ ಮೇಲೆ ಬೇಡ, ಮುಂದಿನ ಸೀಟಲ್ಲೇ ಕೂತ್ಕಣಿ. ನೀವು ಬಿಣಗಾ ಇಳಿದ್ರೆ ನಾವೂ ಇಳೀತೇವೆ. ಈಗ್ಲೇ ಬರ್ಫ ಒಡೀತೇವೆ."

ದೋಣಿಯವರು ಬಲೆ ಬಿಡಿಸುವುದನ್ನು ನಿಲ್ಲಿಸಿ ಇತ್ತ ನೋಡಿದರು. ಅಷ್ಟು ದಿನ ತಲೆ ತಗ್ಗಿಸಿಕೊಂಡಿದ್ದ ಅಣ್ಣ ಎದ್ದು ಹೋಗಿ ಪಿಕಪ್ಪಿನ ಎಡಗಡೆಯ ಬಾಗಿಲು ತೆರೆದ. ಸೀಟಿನ ಮೇಲಿನ ಮರಳನ್ನು ತನ್ನ ಟವೆಲ್ಲಿನಿಂದ ಒರೆಸಿದ.

"ಬನ್ನಿ ಸಾವ್ಕಾರ್ರೆ. ಪ್ಯಾಡು ಆರಿಸಿದ್ದು ನಾನು ಅಲ್ವಾ? ಸೀಟು ನೀವು ಆರಿಸಿ."

ಸಾಹುಕಾರರು ತೆರೆದ ಬಾಗಿಲು ನೋಡಿದರು. ಮುಂದಿನ ಚಕ್ರ ನೋಡಿದರು. ಒಂದು ಹೆಜ್ಜೆ ಹಿಂದೆ ಸರಿದು, ಕಿಸೆಯಿಂದ ಫೋನ್ ತೆಗೆದು ಯಾರಿಗೋ ಹಚ್ಚಿ, ಬೆನ್ನು ತಿರುಗಿಸಿ ನಿಂತರು. ಗಾಡಿ ಮಾತ್ರ ಹತ್ತಲಿಲ್ಲ.

ನಾವೂ ಹತ್ತಲಿಲ್ಲ. ಅತ್ತೆಯ ಸೀರೆಯ ಕೆಳಗೆ ಐಸು ಕರಗಿ ಮರಳಿಗೆ ಇಳಿಯುತ್ತಿತ್ತು. ಬಂಗಡೆ ಕೆಟ್ಟು ಅದರ ಕಣ್ಣು ಕೆಂಪಾಗದಂತೆ ನೋಡಿಕೊಳ್ಳುವುದೇ ನಮ್ಮ ಜನ್ಮದ ಕೆಲಸ. ಅವತ್ತು ಎಲ್ಲರೂ ಕೂತು, ಅದು ಕೆಂಪಾಗುವುದನ್ನು ನೋಡಿದೆವು.